ಭಾವನ ಭುಜಬಲ

ಬೆರಗಾಗಬೇಕೆಂದರೆ ಸಮುದ್ರ ನೋಡಬೇಕು, ಬೆಟ್ಟ ಹತ್ತಬೇಕು ಎಂದು ತಿಳಿದವರು ಹೇಳುತ್ತಾರೆ. ನಾನು ಚಪ್ಪಲಿ ಅಂಗಡಿಯಲ್ಲಿ ಜನರ ಕಾಲಿನ ಮುಂದೆ ಕೂತು ಹೊಟ್ಟೆ ಹೊರೆಯುವವನು. ಅಷ್ಟು ದೂರ ಹೋಗಿಬರಲು ಪುರುಸೊತ್ತಿಲ್ಲ. ಅದರ ಅಗತ್ಯವೂ ಬೀಳಲಿಲ್ಲ. ನನ್ನ ಪಾಲಿನ ಬೆರಗು ಮನೆಯಲ್ಲೇ ಇತ್ತು, ದಿನಾ ಊಟಕ್ಕೆ ನನ್ನ ಎದುರಿಗೇ ಕೂರುತ್ತಿತ್ತು. ಅದೇ ನಮ್ಮ ಭಾವ.

ಭಾವ ಎಂದರೆ ಅಕ್ಕನ ಗಂಡ. ಮನೆ ಖಾಲಿ ಮಾಡುವವರ ಸಾಮಾನು ಸಾಗಿಸುವ ಕಂಪನಿಯಲ್ಲಿ ಹೊರೆ ಹೊರುವ ಕೆಲಸ. ಆಳು ಎಷ್ಟು ಸಣ್ಣವರೆಂದರೆ, ಗಾಳಿ ಬೀಸಿದಾಗ ಛತ್ರಿಯನ್ನು ಇವರು ಹಿಡಿದಿದ್ದಾರೋ, ಇವರನ್ನು ಛತ್ರಿ ಹಿಡಿದಿದೆಯೋ ತಿಳಿಯುತ್ತಿರಲಿಲ್ಲ. ಆದರೂ ಕಂಪನಿಯಲ್ಲಿ ಅವರನ್ನು ಕರೆಯುತ್ತಿದ್ದುದು 'ಕ್ರೇನು' ಎಂದು. ದಪ್ಪ ತೋಳಿನ ಹುಡುಗರು ಸುತ್ತಲೂ ನಿಂತು ತಲೆ ಕೆರೆದುಕೊಳ್ಳುವ ಬೀರುವಿನ ಕೆಳಗೆ ಭಾವ ನುಸುಳಿದರೆ ಸಾಕು, ಬೀರು ತಾನಾಗಿಯೇ ಎದ್ದು ಮೆಟ್ಟಿಲಿಳಿಯುತ್ತಿತ್ತು. ಕೆಳಗೆ ಎರಡು ಪುಟ್ಟ ಪಾದ ಕಾಣುತ್ತಿತ್ತು, ಅಷ್ಟೆ.

ಭಾವನಿಗೆ ಎರಡು ದೌರ್ಬಲ್ಯಗಳಿದ್ದವು. ಒಂದು, ಕಂಪನಿಯ ಹೊರಕೋಣೆಯ ಗೋಡೆ. ಅಲ್ಲಿ ವರ್ಷಕ್ಕೊಬ್ಬ ಉತ್ತಮ ಕೆಲಸಗಾರನ ಫೋಟೋ ತೂಗುಹಾಕುತ್ತಿದ್ದರು. ಡ್ರೈವರಿನದು ಬಂತು, ಕಾವಲುಗಾರನದು ಬಂತು, ಕಾವಲುಗಾರನ ಜೊತೆಗೆ ಅವನ ನಾಯಿಯದೂ ಬಂತು. ಭಾವನದು ಬರಲಿಲ್ಲ. ಇನ್ನೊಂದು, 'ಏನಿಲ್ಲ' ಎಂಬ ಮಾತು. ಕಾಲ ಮೇಲೆ ಮೇಜು ಬಿದ್ದರೆ "ಏನಿಲ್ಲ", ಜ್ವರದಲ್ಲಿ ಹಲ್ಲು ಕಟಕಟ ಎನ್ನುತ್ತಿದ್ದರೆ "ಏನಿಲ್ಲ". ನೋವಾಗುತ್ತದೆ ಎಂದು ಒಪ್ಪಿಕೊಂಡರೆ ಕ್ರೇನಿನ ಮರ್ಯಾದೆ ಏನಾಗಬೇಕು?

ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಜೊತೆಯವನ ಕಾಲು ಜಾರಿತು. ಇಡೀ ಬೀರು ಭಾವನ ಬಲಭುಜದ ಮೇಲೆ ಬಂದು ಕೂತಿತು. ಒಳಗೆ ಏನೋ ಪಟ್ ಎಂದಿತು. "ಏನಿಲ್ಲ" ಎನ್ನುತ್ತಾ ಭಾವ ಅದನ್ನು ಲಾರಿಗೆ ಮುಟ್ಟಿಸಿದರು. ಆಮೇಲೆ ಬೆವರು ಒರೆಸಿಕೊಳ್ಳಲು ಕೈ ಎತ್ತಲು ಹೋದರೆ ಕೈ ಬರಲಿಲ್ಲ.

ಆಸ್ಪತ್ರೆಯ ಡಾಕ್ಟರು ಹೇಳಿದ್ದು ಇಷ್ಟು. "ಭುಜದ ಸ್ನಾಯು ಹರಿದುಹೋಗಿದೆ. ಆಪರೇಷನ್ ಮಾಡಿ ಹೊಲಿಯಬೇಕು. ತಡ ಮಾಡಿದ್ರೆ ಅದು ಒಳಗೇ ಮುದುರಿಕೊಂಡು ಒಣಗುತ್ತೆ, ಆಮೇಲೆ ಹೊಲಿಯೋಣ ಅಂದ್ರೂ ಏನೂ ಸಿಗಲ್ಲ. ಈ ಕೈ ಜನ್ಮಪೂರ್ತಿ ಹೀಗೇ ನೇತಾಡ್ತಾ ಇರುತ್ತೆ. ಆಪರೇಷನ್ ಆಗೋವರೆಗೂ ಏನೂ ಎತ್ತಬಾರದು."

ಕೆಲಸದಲ್ಲಿ ಆದ ಗಾಯಕ್ಕೆ ಕೆಲಸ ಕೊಟ್ಟವರೇ ಚಿಕಿತ್ಸೆ ಮಾಡಿಸಬೇಕು; ಕಾನೂನೇ ಹಾಗಿದೆ. ಕಂಪನಿಯೂ ಹಿಂದೆ ಸರಿಯಲಿಲ್ಲ. ಕತ್ತಿಗೆ ನೇತುಹಾಕುವ ಬಟ್ಟೆಪಟ್ಟಿಯನ್ನೂ ಬಿಳಿ ಮಾತ್ರೆಗಳನ್ನೂ ಧಾರಾಳವಾಗಿ ಕೊಡಿಸಿತು. ಆಪರೇಷನ್ ಎಂದೊಡನೆ ಮಾತ್ರ, "ಒಂದ್ಸಲ ನಮ್ಮ ಡಾಕ್ಟರೂ ನೋಡ್ಲಿ" ಎಂದಿತು.

ಕಂಪನಿ ಡಾಕ್ಟರು ನೋಡಿದ್ದಕ್ಕೆ ನಾನೇ ಸಾಕ್ಷಿ. ಮೇಜಿನ ಆ ಕಡೆಯಿಂದಲೇ ನೋಡಿದರು.

"ನೋವಿದೆಯೇನ್ರೀ?"

"ಏನಿಲ್ಲ ಸಾರ್."

"ಕೆಲಸ ಮಾಡೋಕೆ ಆಗುತ್ತಾ?"

"ಅದಕ್ಕೇನು ಸಾರ್!"

ನಾನು ಮೇಜಿನ ಕೆಳಗೆ ಭಾವನ ಕಾಲು ತುಳಿದೆ. ಅದಕ್ಕೂ ಭಾವ "ಏನಿಲ್ಲ" ಎಂದರು. ವಾರ ಕಳೆಯುವುದರೊಳಗೆ ಕಂಪನಿಯ ಉತ್ತರ ಬಂತು: ನೋವಿಲ್ಲ, ಭುಜದಲ್ಲಿ ಏನಾದರೂ ಇದ್ದರೆ ಅದು ವಯಸ್ಸಿನ ಸವೆತ, ಆಪರೇಷನ್ ಬೇಕಾಗಿಲ್ಲ. ಅಕ್ಕ ಅತ್ತಳು. ಕೆಲಸಗಾರರ ಸಂಘದ ವಕೀಲಮ್ಮ ಪರಿಹಾರ ಕಚೇರಿಯಲ್ಲಿ ದೂರು ಹಾಕಿ, ಭಾವನನ್ನು ಕೂರಿಸಿಕೊಂಡು ಹೇಳಿದರು: "ವಿಚಾರಣೆ ಆಗೋವರೆಗೂ ಮನೇಲಿ ತೆಪ್ಪಗಿರಿ. ಒಂದು ತಂಬಿಗೆನೂ ಎತ್ತಬೇಡಿ. ತಿಳೀತಾ?"

ಭಾವ ತಲೆಯಾಡಿಸಿದರು. ತಲೆಯಾಡಿಸಲು ಭುಜ ಬೇಕಾಗಿರಲಿಲ್ಲ.

ಅದಾದ ಕೆಲವೇ ದಿನಗಳಲ್ಲಿ ನಮ್ಮ ಬೀದಿಗೆ ಒಂದು ಬೂದು ಕಾರು ಬಂತು. ಎದುರುಗಡೆ ಮರದ ನೆರಳಲ್ಲಿ ನಿಂತದ್ದು ಸಂಜೆಯವರೆಗೂ ಅಲ್ಲಾಡಲಿಲ್ಲ. ಮರುದಿನವೂ ಬಂತು. ಒಳಗೆ ಟೋಪಿ ಹಾಕಿಕೊಂಡ ಒಬ್ಬ ಬಡಕಲು ಮನುಷ್ಯ. ಪಕ್ಕದ ಅಂಗಡಿಯ ದರ್ಜಿ ಅವನನ್ನು ತೆರಿಗೆಯವನೆಂದು ತಿಳಿದು ಎರಡು ದಿನ ಅರ್ಧ ಬಾಗಿಲು ಹಾಕಿಕೊಂಡೇ ಹೊಲಿದ. ನಮ್ಮಮ್ಮ, ಯಾರೋ ಹೆಂಡತಿಯೊಂದಿಗೆ ಜಗಳವಾಡಿ ಬಂದವನಿರಬೇಕೆಂದು ಕನಿಕರಪಟ್ಟು, ದಿನಾ ಒಂದು ಲೋಟ ಚಹಾ ಕೊಟ್ಟು ಬರತೊಡಗಿದಳು. "ಮುಖ ನೋಡಿದ್ರೆ ಊಟ ಮಾಡಿ ಮೂರು ದಿನ ಆದಂಗಿದೆ ಪಾಪ" ಎನ್ನುತ್ತಿದ್ದಳು.

ಗುಟ್ಟು ಹೊಳೆದದ್ದು ಭಾವನಿಗೆ. ನನ್ನನ್ನು ಕಿಟಕಿಯ ಮರೆಗೆ ಎಳೆದುಕೊಂಡು ಪಿಸುಗುಟ್ಟಿದರು.

"ಅವನ ಕೈಯಲ್ಲಿ ಕ್ಯಾಮೆರಾ ಇದೆ ಕಣೋ. ಕಾರಿನ ಗಾಜು ನೋಡು, ನಮ್ಮ ಕಂಪನಿ ಚೀಟಿ ಅಂಟಿಸಿದೆ. ಕಂಪನಿಯವರೇ ಕಳಿಸಿರೋದು!"

"ಯಾಕೆ ಭಾವ?"

"ಇನ್ಯಾಕೆ? ಈ ಸಲದ ಗೋಡೆ ನಂದು! ಫೋಟೋ ಹಳೇದಾಯ್ತು, ಈಗ ಫಿಲ್ಮೇ ತೆಗೀತಿದಾರೆ. ಸಹಜವಾಗಿ ಬರ್ಲಿ ಅಂತ ಕದ್ದು ತೆಗೀತಿದಾರೆ. ಯಾರಿಗೂ ಹೇಳಬೇಡ, ನಿಮ್ಮಕ್ಕನಿಗಂತೂ ಮೊದಲೇ ಬೇಡ."

ಕ್ಯಾಮೆರಾ ಇದ್ದದ್ದು ನಿಜ, ಕಂಪನಿಯೇ ಕಳಿಸಿದ್ದೂ ನಿಜ. ಅಲ್ಲಿಯವರೆಗೆ ಭಾವನ ತರ್ಕದಲ್ಲಿ ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. ಮುಂದಿನದನ್ನು ನಾನೂ ನಂಬಿದೆ. ಕಾಲಿನ ಅಳತೆ ತಪ್ಪದ ನಾನು ಮನುಷ್ಯರ ಅಳತೆಯಲ್ಲಿ ಆಗಾಗ ತಪ್ಪುತ್ತೇನೆ.

ಅವತ್ತೇ ಭಾವ ಕತ್ತಿನ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿದರು. ಅಂಗಳದಲ್ಲಿ ಮಂಚದ ಮೇಲೆ ಕೂತು ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಅಮ್ಮನನ್ನು, "ಅತ್ತೆ, ನೆರಳಿಗೆ ಬರ್ತೀರಾ?" ಎಂದು ಕೇಳಿದರು. ಅಮ್ಮ ಏಳುವಷ್ಟರಲ್ಲಿ ಮಂಚದ ಒಂದು ಕಡೆ ಎದ್ದೇಬಿಟ್ಟಿತ್ತು. ಅಮ್ಮ ಇನ್ನೊಂದು ಕಡೆಯಿಂದ ಜಾರಿ ತುಳಸಿಯೋ ಗುಲಾಬಿಯೋ ಏನೋ ಒಂದು ಕುಂಡದ ಮೇಲೆ ಕೂತಳು. ಭಾವನ ಮುಖ ಸುಣ್ಣದಂತೆ ಬೆಳ್ಳಗಾಗಿತ್ತು, ಹಣೆಯ ಮೇಲೆ ಬೆವರು.

"ಏನಾಯ್ತ್ರೀ?" ಎಂದು ಅಕ್ಕ ಓಡಿಬಂದಳು.

"ಏನಿಲ್ಲ."

ಅಕ್ಕ ಬೈದಳು, ಕೈಮುಗಿದಳು, ಆಣೆ ಹಾಕಿದಳು. ಬೇಡ ಎಂದಷ್ಟೂ ಭಾವ ಎತ್ತಲು ಹುಡುಕಿದರು. ನೀರಿನ ಕೊಡ, ಹೊಲಿಗೆ ಯಂತ್ರ, ದರ್ಜಿಯ ಸೈಕಲ್ಲು. ಆಗ ಅಕ್ಕ ಕಣ್ಣೊರೆಸಿಕೊಂಡು ಒಂದು ತೀರ್ಮಾನಕ್ಕೆ ಬಂದಳು. ಗಂಡ ಎತ್ತುವುದನ್ನು ನಿಲ್ಲಿಸಲಾಗದಿದ್ದರೆ, ಎತ್ತುವ ವಸ್ತುವಿನ ಭಾರವನ್ನಾದರೂ ತೆಗೆಯಬಹುದಲ್ಲ!

ಭಾವ ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಹಿಟ್ಟಿನ ಮೂಟೆ ದರ್ಜಿಯ ಅಂಗಡಿ ಜಗಲಿಗೆ ಹೋಯಿತು. ಹಿಟ್ಟು ಡಬ್ಬಗಳಿಗೆ ಸುರಿಯಿತು; ಮೂಟೆಯೊಳಗೆ ದರ್ಜಿಯ ಬಟ್ಟೆ ಚೂರುಗಳು ತುಂಬಿದವು. ಅಮ್ಮ ಕನ್ನಡಕ ಏರಿಸಿಕೊಂಡು ಬಾಯಿ ಹೊಲಿದಳು. ಮೇಲೆ ಒಂದು ಹಿಡಿ ಹಿಟ್ಟು ಸವರಿ, ಮೂಟೆಯನ್ನು ಅಂಗಳದಲ್ಲಿ ಎಲ್ಲರ ಕಣ್ಣಿಗೂ ಬೀಳುವಂತೆ ಇಟ್ಟರು.

ಎದ್ದುಬಂದ ಭಾವ ಕಾರಿನ ಕಡೆ ಒಮ್ಮೆ ನೋಡಿ, ಕೆಮ್ಮಿ, ಬಾಗಿ, ಎಡಗೈ ಹಾಕಿ ಮೂಟೆಯನ್ನು ಬಲಭುಜದ ಮೇಲೆಯೇ ಹೊತ್ತರು. ಹೊತ್ತವರು ಹಾಗೇ ನಿಂತುಬಿಟ್ಟರು. ಅವರ ಮುಖದಲ್ಲಿ ನಾನು ಎಂದೂ ಕಾಣದ ಭಕ್ತಿ ಮೂಡಿತ್ತು. ತನ್ನನ್ನು ತಾನೇ ನೋಡಿ ಕೈಮುಗಿಯಬೇಕು ಎನಿಸಿದವರ ಮುಖ ಅದು.

"ಏ ಇವಳೇ, ಬಾ ಇಲ್ಲಿ. ಇದು ಹಿಟ್ಟಿನ ಮೂಟೆ ತಾನೇ?"

"ಇನ್ನೇನು ರೀ?"

"ಹೂವಿನಂಗಿದೆಯಲ್ಲೇ!"

"ಅಬ್ಬಬ್ಬಾ!" ಎಂದ ದರ್ಜಿ, ಬಾಯಿಯ ಸೂಜಿ ಬೀಳುವಂತೆ. "ಅಣ್ಣಾ, ಮನುಷ್ಯರು ಎತ್ತೋ ಮೂಟೆನಾ ಇದು!" ದರ್ಜಿ ಸ್ವಲ್ಪ ಅತಿ ಮಾಡಿದನೆಂದು ನನ್ನ ಅಭಿಪ್ರಾಯ. ಭಾವನಿಗೆ ಹಾಗೆನಿಸಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಭಾರವಾದದ್ದು ಏನೂ ಉಳಿಯಲಿಲ್ಲ. ಕೊಡಗಳ ತಳದಲ್ಲಿ ಮಾತ್ರ ನೀರು, ಪೆಟ್ಟಿಗೆಗಳಲ್ಲಿ ಗಾಳಿ. ಒಂದು ದಿನ ಜೋರು ಗಾಳಿ ಬಂದು ಮೂಟೆ ತಾನಾಗಿಯೇ ಅಂಗಳ ದಾಟಿ ಬೀದಿಯಲ್ಲಿ ಉರುಳತೊಡಗಿತು. ದರ್ಜಿ ಅಳತೆಪಟ್ಟಿ ಕತ್ತಿಗೆ ಹಾಕಿಕೊಂಡು ಅದರ ಹಿಂದೆ ಓಡಿದ, ಅವನ ಹಿಂದೆ ಅಕ್ಕ, ಅಕ್ಕನ ಹಿಂದೆ ಅಮ್ಮ, "ಹಿಡೀರೋ, ಅಳಿಯಂದಿರು ಏಳ್ತಾರೆ!" ಎಂದು ಕೂಗುತ್ತಾ. ಕಾರಿನಲ್ಲಿದ್ದವನು ಟೋಪಿ ಹಿಂದಕ್ಕೆ ಸರಿಸಿ ನೋಡಿದ್ದನ್ನು ನಾನು ಕಂಡೆ. ಉತ್ತಮ ಕೆಲಸಗಾರನ ಫಿಲ್ಮಿನಲ್ಲಿ ನಮ್ಮನ್ನೆಲ್ಲ ಯಾರು ಇಟ್ಟುಕೊಳ್ಳುತ್ತಾರೆ ಎಂದು ಸುಮ್ಮನಾದೆ.

ಕೊನೆಗೆ ಬಂತು ಬೀರು. ದರ್ಜಿಯ ಅಂಗಡಿಯ ಮರದ ಬೀರುವನ್ನು ಅವನ ಮನೆಗೆ ಸಾಗಿಸಬೇಕಾಗಿತ್ತು. "ಆಳು ಕರೀಬೇಡ, ನಾನಿಲ್ವಾ!" ಎಂದರು ಭಾವ. ದರ್ಜಿ ಅಮ್ಮನ ಬಳಿಗೆ ಓಡಿದ. ಅಮ್ಮ ಒಳಗಿನ ಹಲಗೆಗಳನ್ನೆಲ್ಲ ಗುಟ್ಟಾಗಿ ಕಿತ್ತು ತೆಗೆದಳು. ಭಾವ ಮುಂದೆ ನಿಂತು ಬೆನ್ನು ಕೊಟ್ಟರು. ನಾನು, ಅಕ್ಕ, ದರ್ಜಿ ಮೂವರೂ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಉಸಿರು ಬಿಗಿಹಿಡಿದು ಬೀರುವನ್ನು ಎತ್ತಿದೆವು. ಆ ಕಡೆಯಿಂದ ಭಾವನ ದನಿ ಕೇಳುತ್ತಿತ್ತು.

"ನೋಡ್ರೋ! ಒಬ್ಬನೇ! ಒಂದೇ ಕೈ!"

ಬೀರು ಇಳಿಯಿತು. ಭಾವ ತಿರುಗುವಷ್ಟರಲ್ಲಿ ಅಕ್ಕ ಒಣಗಿದ ಬಟ್ಟೆಯನ್ನು ಮತ್ತೆ ಒಣಹಾಕುತ್ತಿದ್ದಳು, ದರ್ಜಿ ಪಟ್ಟಿ ಹಿಡಿದು ಗೋಡೆಯ ಸೊಂಟದ ಸುತ್ತಳತೆ ತೆಗೆಯುತ್ತಿದ್ದ, ನಾನು ನೆಲದ ಮೇಲೆ ಇಲ್ಲದ ಕಾಸು ಹುಡುಕುತ್ತಿದ್ದೆ.

ಅವತ್ತು ಸಂಜೆ ಭಾವ ಗಂಭೀರವಾಗಿ ಘೋಷಿಸಿದರು: "ನಂಗೆ ಆಪರೇಷನ್ ಬೇಡ. ವಿಚಾರಣೇಲಿ ಹಾಗೇ ಹೇಳ್ತೀನಿ. ಬಲ ಮೊದಲಿಗಿಂತ ಜಾಸ್ತಿ ಆಗಿದೆ."

ಅಕ್ಕನ ಕೈಯಿಂದ ತಟ್ಟೆ ಜಾರಿತು. ಆಗಲೇ ನಮಗೆ ತಿಳಿದದ್ದು, ಭಾರ ಕಳೆಯಲು ಹೋಗಿ ನಾವು ಆಪರೇಷನ್ನನ್ನೇ ಕಳೆದಿದ್ದೆವು ಎಂದು. ನಿಜ ಹೇಳೋಣವೆಂದರೆ ಭಾವನ ಎದೆ ಒಡೆಯುತ್ತದೆ. ಹೇಳದಿದ್ದರೆ ಕೈ ಹೋಗುತ್ತದೆ. ಆ ಕೈಯೋ, ಬೆಳಿಗ್ಗೆ ಅಂಗಿಯ ಗುಂಡಿಯವರೆಗೂ ಏರುತ್ತಿರಲಿಲ್ಲ. "ಗುಂಡಿ ಸಡಿಲ ಆಗಿದೆ, ಇರಿ, ನಾನೇ ಹಾಕ್ತೀನಿ" ಎಂದು ಅಕ್ಕ ದಿನಾ ಹಾಕುತ್ತಿದ್ದಳು. ಭಾವನೂ ದಿನಾ, "ಈ ದರ್ಜಿ ಗುಂಡಿ ಸರಿಯಾಗಿ ಹೊಲಿಯಲ್ಲ" ಎನ್ನುತ್ತಿದ್ದರು.

ವಿಚಾರಣೆಯ ದಿನ ದರ್ಜಿಯೂ ಸೇರಿ ಎಲ್ಲರೂ ಹೋದೆವು. ಪರಿಹಾರ ಕಚೇರಿಯ ಸಾಹೇಬರು ನೆಗಡಿಯಾಗಿದ್ದ ವಯಸ್ಸಾದವರು. ಮೂಗಿಗೆ ಕರವಸ್ತ್ರ ಹಿಡಿದೇ ಕೂತಿದ್ದರು. ಪ್ರಮಾಣ ಮಾಡಲು ಬಲಗೈ ಎತ್ತಬೇಕೆಂದರು. ಭಾವ ಎಡಗೈಯಿಂದ ಬಲಗೈಯನ್ನು ಹಿಡಿದು, ಯಾರದೋ ಸಾಮಾನನ್ನು ಜೋಪಾನವಾಗಿ ಎತ್ತಿದಂತೆ ಎತ್ತಿ ನಿಲ್ಲಿಸಿದರು. ಸಾಹೇಬರು ಕರವಸ್ತ್ರದ ಮೇಲಿಂದ ಒಮ್ಮೆ ನೋಡಿದರು.

ಕಂಪನಿಯ ವಕೀಲರು ಎದ್ದು, "ಮಾತು ಬೇಡ ಸಾರ್, ಇದನ್ನ ನೋಡಿ" ಎಂದು ಗೋಡೆಯ ಪರದೆಯ ಮೇಲೆ ಫಿಲ್ಮು ಬಿಟ್ಟರು. ಮೂಲೆಯ ಬೆಂಚಿನ ಮೇಲೆ ಟೋಪಿಯವನು ಕೂತಿದ್ದ. ಅಮ್ಮ ಅವನಿಗೆ ಕೈಯಾಡಿಸಿದಳು.

ಪರದೆಯ ಮೇಲೆ ಭಾವ ಬಂದರು. ಮೂಟೆ ಹೊತ್ತರು, ಕೊಡ ಹೊತ್ತರು, ಪೆಟ್ಟಿಗೆಯನ್ನು ಎಡಗೈಯಲ್ಲಿ ಮೇಲೆಸೆದು ಹಿಡಿದರು. ಬೀರು ಬೆನ್ನ ಮೇಲೆ ಎದ್ದಿತು. ಕಚೇರಿಯ ಗುಮಾಸ್ತ ಬರೆಯುವುದನ್ನು ಬಿಟ್ಟು ಬಾಯಿ ತೆರೆದ. ಸಾಹೇಬರು ಸೀನುವುದನ್ನು ಮರೆತರು. "ಅಬ್ಬಾ!" ಎಂದರು.

ಭಾವನಿಗೆ ಸ್ವರ್ಗ ಮೂರೇ ಗೇಣು. "ನಾನೇ ಸಾರ್ ಅದು" ಎಂದು ಎದ್ದು ನಿಂತರು. "ಗೋಡೆಗೆ ಯಾವಾಗ ಹಾಕ್ತಾರೆ?"

"ಯಾವ ಗೋಡೆ?" ಎಂದರು ಕಂಪನಿಯ ವಕೀಲರು. "ಸಾರ್, ಭುಜ ಹರಿದಿದೆ ಅಂತ ಆಪರೇಷನ್ ಕೇಳ್ತಿರೋ ಮನುಷ್ಯ ಇವರೇ. ಮೋಸಕ್ಕೆ ಇನ್ನೇನು ಸಾಕ್ಷಿ ಬೇಕು? ಅದಕ್ಕೇ ನಾವು ಕ್ಯಾಮೆರಾ ಇಟ್ಟಿದ್ದು."

ಭಾವ ನಿಂತಲ್ಲೇ ಚಿಕ್ಕವರಾದರು. ಅವರು ಇನ್ನೂ ಚಿಕ್ಕವರಾಗಲು ಸಾಧ್ಯವೆಂದು ನಾನು ಎಣಿಸಿರಲಿಲ್ಲ. ನಮ್ಮ ವಕೀಲಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು. ಮೋಸ ಎಂಬ ಮಾತು ಭಾವನ ಮೇಲೆ ಬೀರುವಿಗಿಂತ ಭಾರವಾಗಿ ಬಿದ್ದಿತ್ತು.

ಆಗ ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಒಂದು ಸಲ ಗಂಡನನ್ನು ನೋಡಿದಳು, ಕ್ಷಮಿಸಿಬಿಡಿ ಎನ್ನುವಂತೆ.

"ಅದು ಹಿಟ್ಟಲ್ಲ ಸಾರ್. ಬಟ್ಟೆ ಚೂರು. ನಾವೇ ತುಂಬಿದ್ದು. ಅವರಿಗೆ ಗೊತ್ತಿಲ್ಲ."

"ಏ, ಏನು ಹೇಳ್ತಿದೀಯ!" ಎಂದರು ಭಾವ.

"ಗಂಡನ್ನ ಉಳಿಸೋಕೆ ಕಥೆ ಕಟ್ತಿದಾರೆ" ಎಂದು ನಕ್ಕರು ವಕೀಲರು.

ಮೂಲೆಯಿಂದ ಟೋಪಿಯವನು ಕೆಮ್ಮಿದ. "ಅದೂ ಇದೆ ಸಾರ್. ನಾನು ಬೆಳಿಗ್ಗೆಯಿಂದ ಸಂಜೆವರೆಗೂ ಎಲ್ಲಾ ತೆಗೆದಿದ್ದೆ. ಇವರು ಬೇಕಾದ್ದಷ್ಟೇ ಇಟ್ಕೊಂಡ್ರು." ಅಮ್ಮನ ಕಡೆ ನೋಡಿ ತಲೆ ತಗ್ಗಿಸಿದ. "ಆ ತಾಯಿ ದಿನಾ ಚಹಾ ಕೊಟ್ಟಿದಾರೆ. ಸುಳ್ಳು ಹೇಳೋಕಾಗಲ್ಲ."

"ಪೂರ್ತಿ ಹಾಕಿ" ಎಂದರು ಸಾಹೇಬರು.

ಹಾಕಿದರು. ಹಿಟ್ಟು ಡಬ್ಬಕ್ಕೆ ಸುರಿಯಿತು, ಚೂರುಗಳು ಮೂಟೆಗೆ ಹೋದವು. ಗಾಳಿ ಬೀಸಿತು, ಮೂಟೆ ಬೀದಿಯುದ್ದ ಕುಣಿಯುತ್ತಾ ಓಡಿತು, ಹಿಂದೆ ದರ್ಜಿ, ಹಿಂದೆ ಅಕ್ಕ, ಹಿಂದೆ ಮೊಣಕಾಲು ನೋವಿನ ಅಮ್ಮ. ಗುಮಾಸ್ತ ಮೇಜಿಗೆ ತಲೆಯಾನಿಸಿ ನಕ್ಕ. ಸಾಹೇಬರ ಭುಜಗಳೂ ಕುಲುಕುತ್ತಿದ್ದವು. ಆಮೇಲೆ ಬೀರು ಬಂತು. ಈ ಸಲ ಕ್ಯಾಮೆರಾ ಪಕ್ಕಕ್ಕೆ ತಿರುಗಿತ್ತು. ಬೀರುವಿನ ಹಿಂದೆ ಆರು ಕಾಲು. ಚಪ್ಪಲಿ ಅಂಗಡಿಯವನಾದ ನನಗೆ ಮುಖವೇ ಬೇಕಿರಲಿಲ್ಲ: ಒಂದು ಜೊತೆ ದರ್ಜಿಯ ಒಡೆದ ಹಿಮ್ಮಡಿ, ಒಂದು ಜೊತೆ ನನ್ನವು, ಇನ್ನೊಂದು ಅಕ್ಕನವು. ಅಕ್ಕನ ಕಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಿದ್ದವು. ಕತ್ತಿನ ನರಗಳು ಉಬ್ಬಿದ್ದವು. ಇಡೀ ಬೀರು ಅವಳ ಮೇಲೆ ವಾಲಿತ್ತು.

ಕೊನೆಗೆ ನಮ್ಮ ಮನೆಯ ಕಿಟಕಿ. ಒಳಗೆ ಅಕ್ಕ ಭಾವನ ಅಂಗಿಯ ಗುಂಡಿ ಹಾಕುತ್ತಿದ್ದಳು. ಭಾವನ ಬಲಗೈ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿತ್ತು.

ನಗು ನಿಂತಿತು. ಭಾವ ಪರದೆಯನ್ನೇ ನೋಡುತ್ತಿದ್ದರು. ಮೂಟೆ ಹೂವಿನಂತೆ ಎದ್ದ ದಿನ ಅವರ ಮುಖದಲ್ಲಿ ಕಂಡ ಬೆರಗು ಈಗಿನದರ ಮುಂದೆ ಏನೂ ಅಲ್ಲ. ಹೆಂಡತಿಯ ಕಡೆ ತಿರುಗಿದರು, ದರ್ಜಿಯ ಕಡೆ, ಅಮ್ಮನ ಕಡೆ, ಮತ್ತೆ ಪರದೆಯ ಕಡೆ.

"ಅವತ್ತು ಬೀರು ಹೊತ್ತಿದ್ದು ನೀನಾ?" ಎಂದರು ಮೆಲ್ಲಗೆ.

"ಏನಿಲ್ಲ ಬಿಡಿ" ಎಂದಳು ಅಕ್ಕ.

ಸಾಹೇಬರು ಕರವಸ್ತ್ರ ಕೆಳಗಿಟ್ಟರು. "ಬಲಗೈ ಎತ್ತಿ ನೋಡೋಣ. ಇನ್ನೊಂದು ಕೈ ಸಹಾಯ ಇಲ್ಲದೆ."

ಭಾವ ಪ್ರಯತ್ನಿಸಿದರು. ಕೈ ಸೊಂಟದವರೆಗೆ ಬಂತು, ನಿಂತಿತು. ಅಭ್ಯಾಸಬಲದಿಂದ ಬಾಯಿ 'ಏ' ಎಂದು ತೆರೆಯಿತು. ನಾವೆಲ್ಲ ಉಸಿರು ಹಿಡಿದೆವು, ಬೀರು ಎತ್ತುವಾಗ ಹಿಡಿದಂತೆಯೇ.

"ಆಗಲ್ಲ ಸಾರ್" ಎಂದರು ಭಾವ.

"ನೋವಿದೆಯಾ?"

"ಇದೆ ಸಾರ್. ತುಂಬಾ ಇದೆ. ಬೀರು ಬಿದ್ದ ದಿನದಿಂದಲೂ ಇದೆ."

ಅಮ್ಮ ಗಟ್ಟಿಯಾಗಿ ಅತ್ತುಬಿಟ್ಟಳು. ಅಳಿಯ ಒಂದು ನಿಜ ಹೇಳಿದ್ದಕ್ಕೆ ಅತ್ತೆ ಅಷ್ಟು ಸಂತೋಷಪಟ್ಟದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸಾಹೇಬರು ಭಾವನನ್ನು ಎರಡೂ ಕಡೆಗೆ ಸೇರದ ಬೇರೊಬ್ಬ ಡಾಕ್ಟರ ಬಳಿ ಕಳಿಸಿದರು. ಅವರು ಮೇಜಿನ ಈ ಕಡೆಗೆ ಬಂದು, ಭುಜ ಮುಟ್ಟಿ, ತಿರುಗಿಸಿ ನೋಡಿ, ಹರಿದದ್ದು ಹೊಸ ಗಾಯ, ಹೊಲಿಯಲು ಇನ್ನೂ ಕಾಲ ಮಿಂಚಿಲ್ಲ ಎಂದರು. ಕಂಪನಿ ಆಪರೇಷನ್ ಮಾಡಿಸಿತು. ಈಗ ಭಾವನ ಕೈ ತಲೆ ಬಾಚಿಕೊಳ್ಳುವಷ್ಟು ಏರುತ್ತದೆ. ಗುಂಡಿ ತಾವೇ ಹಾಕಿಕೊಳ್ಳಬಲ್ಲರು. ಆದರೂ ಬೆಳಿಗ್ಗೆ ಅಕ್ಕನ ಮುಂದೆ ಹೋಗಿ ಸುಮ್ಮನೆ ನಿಲ್ಲುತ್ತಾರೆ. ಅವಳು ಹಾಕುತ್ತಾಳೆ. ದರ್ಜಿಯನ್ನು ಯಾರೂ ಬೈಯುವುದಿಲ್ಲ.

ಕಂಪನಿಯ ಗೋಡೆಯ ಮೇಲೆ ಭಾವನ ಫೋಟೋ ಇವತ್ತಿಗೂ ಬಂದಿಲ್ಲ. ಭಾವ ಕೇಳಲೂ ಇಲ್ಲ. ಟೋಪಿಯವನನ್ನು ಹುಡುಕಿಕೊಂಡು ಹೋಗಿ, ಆ ಫಿಲ್ಮಿನ ಒಂದು ಚಿತ್ರ ತೆಗೆಸಿ, ಕಟ್ಟು ಹಾಕಿಸಿ ನಮ್ಮ ಹೊರಕೋಣೆಯಲ್ಲಿ ತೂಗುಹಾಕಿದ್ದಾರೆ. ಬೀರುವಿನ ಹಿಂದೆ ಮೂವರು ಹಲ್ಲು ಕಚ್ಚಿ ಕುಕ್ಕರಿಸಿರುವ ಚಿತ್ರ. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ದನಿ ತಗ್ಗಿಸಿ, ಒಬ್ಬೊಬ್ಬರನ್ನೂ ಪರಿಚಯಿಸುತ್ತಾರೆ. ಹಲಗೆ ಕಿತ್ತ ಅತ್ತೆಯ ಹೆಸರನ್ನೂ ಸೇರಿಸುತ್ತಾರೆ, ಚಿತ್ರದಲ್ಲಿ ಕಾಣದಿದ್ದರೂ.

ಮೊನ್ನೆ ಬಂದಿದ್ದ ಒಬ್ಬರು ಕಣ್ಣು ಕಿರಿದು ಮಾಡಿ ನೋಡಿ ಕೇಳಿದರು: "ಇದರಲ್ಲಿ ನೀವೆಲ್ಲಿದೀರಿ?"

"ನಾನು ಬೀರುವಿನ ಆ ಕಡೆ ಇದೀನಿ" ಎಂದರು ಭಾವ, ಹೆಮ್ಮೆಯಿಂದ. "ಒಬ್ಬನೇ ಹೊತ್ಕೊಂಡಿದೀನಿ ಅಂದ್ಕೊಂಡು."